ನಾಲ್ಕನೆಯ ಜಾಡಿ

ಗಾಜಿನ ಉದ್ದನೆಯ ಕೊಳವೆಯಲ್ಲಿ ನೀರು ಬೆಳಗಾದರೂ ತಿಳಿಯಾಗಿರಲಿಲ್ಲ. ಹಿರುತ್ ಕೋಟು ಬಿಚ್ಚದೆ, ಕೈಗವಸನ್ನೂ ಕಳಚದೆ ಪ್ರಯೋಗಶಾಲೆಯ ಮೇಜಿನ ಮುಂದೆ ಬಗ್ಗಿ ನಿಂತು ನೋಡಿದಳು. ರೆಪ್ಪೆಗೆ ಅಂಟಿದ್ದ ಮಂಜಿನ ಹರಳು ಕರಗಿ ಕೆನ್ನೆಗೆ ಇಳಿಯಿತು. ಯಾರಾದರೂ ಕಂಡಿದ್ದರೆ ಅಳುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ನಿನ್ನೆ ಮಧ್ಯಾಹ್ನ, ವಿದ್ಯಾರ್ಥಿಗಳೆಲ್ಲ ಹೋದ ಮೇಲೆ, ನಾಲ್ಕನೆಯ ಜಾಡಿಯ ಮಣ್ಣನ್ನು ಒಂದು ಹಿಡಿ ಕದಡಿ ಇಟ್ಟುಹೋಗಿದ್ದಳು. ಹೂಳುಮಣ್ಣಾಗಿದ್ದರೆ ಇಷ್ಟು ಹೊತ್ತಿಗೆ ತಳ ಸೇರಿ ಮೇಲೆ ತಿಳಿನೀರು ನಿಂತಿರಬೇಕಿತ್ತು. ಇದು ಹಾಲು ಹೆಚ್ಚಾದ ಕಾಫಿಯಂತೆ ಮೇಲಿನಿಂದ ಕೆಳಗಿನವರೆಗೆ ಒಂದೇ ಬಣ್ಣ. ಜೇಡಿ. ಅಪ್ಪಟ ಜೇಡಿಮಣ್ಣು. ಆ ಹುಡುಗಿ ಹೇಳಿದ್ದೇ ಸರಿ.

ಆ ಹುಡುಗಿ ಟೆಸ್ಸಾ ಬಿಲಿಕ್. ಎರಡನೆಯ ಸಾಲಿನಲ್ಲಿ ಕೂರುವವಳು, ದಪ್ಪ ಜಡೆ, ಒರಟು ಕೈ. ಮಂಗಳವಾರದ ತರಗತಿಯಲ್ಲಿ ಎಂಟು ಜಾಡಿಗಳಲ್ಲಿ ಎಂಟು ಬಗೆಯ ಮಣ್ಣಿಟ್ಟು, ಬೆರಳಲ್ಲಿ ತಿಕ್ಕಿ ಯಾವ ಮಣ್ಣು ಅಂತ ಗುರುತಿಸಿ ಎಂದು ಹಿರುತ್ ಹೇಳಿದ್ದಳು. ಎಲ್ಲರೂ ನೀರು ಚಿಮುಕಿಸಿ ಬೆರಳಲ್ಲಿ ಹೊಸೆಯುತ್ತಿದ್ದಾಗ ಟೆಸ್ಸಾ ನಾಲ್ಕನೆಯ ಜಾಡಿಯಿಂದ ಒಂದು ಚಿಟಿಕೆ ತೆಗೆದು ಮುಂದಿನ ಹಲ್ಲುಗಳ ನಡುವೆ ಇಟ್ಟು ಮೆಲ್ಲಗೆ ಕಚ್ಚಿದಳು. ಕಣ್ಣು ಮುಚ್ಚಿಕೊಂಡಿದ್ದಳು. "ಇದು ಜೇಡಿ, ಡಾಕ್ಟರ್ ದೆಮಿಸ್ಸೆ. ಬೆಣ್ಣೆ ಇದ್ದಂಗಿದೆ, ಒಂಚೂರೂ ಕರಕರ ಅನ್ನಲ್ಲ" ಎಂದಳು. ಹಿರುತ್ ಕೈಯಲ್ಲಿದ್ದ ಪಟ್ಟಿಯಲ್ಲಿ ನಾಲ್ಕರ ಎದುರು ಹೂಳುಮಣ್ಣು ಎಂದಿತ್ತು. ಜಾಡಿಗೆ ಚೀಟಿ ಅಂಟಿಸುವಾಗ ನಾಲ್ಕು ಏಳಾಗಿ, ಏಳು ನಾಲ್ಕಾಗಿ ಹೋಗಿದ್ದು ಅವಳಿಗೆ ಆಗ ಗೊತ್ತಿರಲಿಲ್ಲ. ಗೊತ್ತಾಗಬೇಕಿದ್ದರೆ ಒಂದು ಬೆರಳು ಅದ್ದಿದ್ದರೆ ಸಾಕಿತ್ತು. ಅದ್ದಲಿಲ್ಲ. ಕಾಗದ ನೋಡಿದಳು, ಕಣ್ಣು ಮುಚ್ಚಿದ್ದ ಹುಡುಗಿಯನ್ನು ನೋಡಿದಳು, ಎಲ್ಲಿಂದ ಬಂತೋ ಆ ಸಿಟ್ಟು, "ತಪ್ಪು. ಮಣ್ಣನ್ನ ಬಾಯಿಗೆ ಹಾಕ್ಕೊಳ್ಳೋದು ವಿಜ್ಞಾನ ಅಲ್ಲ. ಹೊರಗೆ ಹೋಗಿ ಬಾಯಿ ತೊಳ್ಕೊಂಡು ಬಾ" ಅಂದಳು. ತರಗತಿ ನಕ್ಕಿತು. ಟೆಸ್ಸಾ ಹೋದಳು, ಬಂದಳು, ತುಟಿ ಬಿಗಿದು ಕೂತಳು. ಒರೆಸಿಕೊಳ್ಳದ ನೀರಿನ ಹನಿಯೊಂದು ಅವಳ ಗಲ್ಲದಲ್ಲಿ ತರಗತಿ ಮುಗಿಯುವವರೆಗೂ ಇತ್ತು.

ನಾಳೆ, ಗುರುವಾರ, ಅದೇ ತರಗತಿ. ನಾಳೆಯೇ ವಿಭಾಗದ ಮುಖ್ಯಸ್ಥ ಲಾಯ್ಡ್ ಮೆಕೆಲ್ವಿ ಹಿಂದಿನ ಬೆಂಚಿನಲ್ಲಿ ಕೂತು ಅವಳ ಪಾಠ ಕೇಳುವವನಿದ್ದ. ಮೊದಲ ವರ್ಷದ ಅಧ್ಯಾಪಕರಿಗೆಲ್ಲ ಅದು ಇದ್ದದ್ದೇ. ಅವನು ತುಂಬಿ ಕೊಡುವ ಫಾರಮ್ಮಿನ ಮೇಲೆ ಅವಳ ಕೆಲಸ ಮುಂದುವರಿಯುವುದು ನಿಂತಿತ್ತು. ಹಿಮದ ನಾಡಿನ ಈ ಬಯಲುಸೀಮೆಯ ಮಣ್ಣನ್ನು ಈ ಬಯಲುಸೀಮೆಯ ರೈತರ ಮಕ್ಕಳಿಗೆ ಕಲಿಸಲು ಆಫ್ರಿಕದಿಂದ ಬಂದವಳು, ಅದೇ ಮಣ್ಣನ್ನು ಗುರುತು ಹಿಡಿಯಲಿಲ್ಲ ಅಂತ ಅವನೆದುರಿಗೇ ಹೇಳುವುದೇ? ಬೇಡ. ಉಪಾಯ ಹೊಳೆದಿತ್ತು: ನಾಲ್ಕನೆಯ ಪ್ರಶ್ನೆಗೆ ಎಲ್ಲರಿಗೂ ಪೂರ್ತಿ ಅಂಕ ಕೊಟ್ಟುಬಿಡುವುದು, ಜಾಡಿಯ ಚೀಟಿ ಸದ್ದಿಲ್ಲದೆ ಬದಲಿಸುವುದು. ಯಾರಿಗೂ ನಷ್ಟವಿಲ್ಲ. ಮೂವತ್ತೊಂದು ಜನಕ್ಕೂ ಲಾಭವೇ. ಕೊಳವೆಯ ನೀರನ್ನು ಚೆಲ್ಲಲು ಎತ್ತಿಕೊಂಡವಳು ಚೆಲ್ಲದೆ ಹಾಗೇ ಇಟ್ಟಳು.

"ಡಾಕ್ಟರ್ ದೆಮಿಸ್ಸೆ!" ಬಾಗಿಲಲ್ಲಿ ಡೋರೀನ್. ಮೂವತ್ತು ವರ್ಷದಿಂದ ವಿಭಾಗದ ಕಚೇರಿಯನ್ನೂ, ಹಾಗೆ ನೋಡಿದರೆ ವಿಭಾಗವನ್ನೂ ನಡೆಸುತ್ತಿರುವವಳು. ಹಿರುತ್ ಎಂದಿನಂತೆ ಒಂದು ಗಳಿಗೆ ತಡವಾಗಿ ತಿರುಗಿದಳು. ದೆಮಿಸ್ಸೆ ಅವಳ ಅಪ್ಪನ ಹೆಸರು. ಊರಲ್ಲಾಗಿದ್ದರೆ ಡಾಕ್ಟರ್ ಹಿರುತ್ ಅನ್ನುತ್ತಿದ್ದರು. ಇಲ್ಲಿ ಕೊನೆಯ ಹೆಸರೇ ಹೆಸರು. ಆರು ತಿಂಗಳಾದರೂ ಯಾರಾದರೂ ಹಾಗೆ ಕರೆದರೆ ಅಪ್ಪ ಬೆನ್ನ ಹಿಂದೆ ಬಂದು ನಿಂತ ಹಾಗೆ ಆಗುತ್ತಿತ್ತು, ಇಸ್ತ್ರಿ ಮಾಡಿದ ಬೂದು ಕೋಟು, ಜೇಬಿನಲ್ಲಿ ಸೀಮೆಸುಣ್ಣ. ಹಳ್ಳಿಯ ಶಾಲೆಯಲ್ಲಿ ನಲವತ್ತು ವರ್ಷ ಕಲಿಸಿದ ಆ ಮನುಷ್ಯ ಒಂದು ದಿನವೂ ತಪ್ಪು ಒಪ್ಪಿಕೊಂಡವನಲ್ಲ. ಒಮ್ಮೆ ನದಿಯೊಂದನ್ನು ತಪ್ಪು ಜಿಲ್ಲೆಯಲ್ಲಿ ಹರಿಸಿಬಿಟ್ಟಿದ್ದ. ವರ್ಷಾಂತ್ಯದವರೆಗೆ ಅದು ಅಲ್ಲೇ ಹರಿಯಿತು.

"ಇವತ್ತು ಬುಧವಾರ, ನೆನಪಿದೆ ತಾನೆ? ನಾಲ್ಕೂವರೆಗೆ ಕರ್ಲಿಂಗು" ಎಂದಳು ಡೋರೀನ್. "ಬಿಸಿ ಕಾಲುಚೀಲ ಹಾಕ್ಕೊಂಡು ಬಾ. ಹೋದ ವಾರ ನಿನ್ನ ಹಲ್ಲು ಕಟಕಟ ಅನ್ನೋ ಸದ್ದಿಗೆ ಲಾಯ್ಡ್‌ನ ಗುರಿ ತಪ್ಪಿತು."

"ಇವತ್ತು ನಂಗೆ ಸ್ವಲ್ಪ ಕೆಲಸ..."

"ಎಲ್ಲರಿಗೂ ಕೆಲಸ ಇದೆ ಕಣಮ್ಮಾ. ನೀನು ಬರದೇ ಇದ್ರೆ ನಾವು ಮೂರೇ ಜನ. ಬಾ ಸುಮ್ನೆ. ಮುಖ ಯಾಕೆ ಹಾಗಿದೆ, ಊಟ ಮಾಡ್ತಿದ್ದೀಯೋ ಇಲ್ವೋ? ಪೆರೋಗಿ ತಂದಿದ್ದೀನಿ, ಫ್ರಿಜ್‌ನಲ್ಲಿದೆ. ಲಾಯ್ಡ್ ನೋಡೋಕೆ ಮುಂಚೆ ತಿಂದ್ಬಿಡು."

ಮಧ್ಯಾಹ್ನ ಒಲೆಯಲ್ಲಿ ಬಿಸಿ ಮಾಡಿಕೊಂಡ, ಆಲೂಗಡ್ಡೆ ತುಂಬಿದ ಪೆರೋಗಿ ಕಡುಬಿನ ಮೇಲೆ ಊರಿಂದ ತಂದ ಕೆಂಪು ಮಸಾಲೆಪುಡಿ ಉದುರಿಸಿ ತಿನ್ನುತ್ತ ಕಿಟಕಿಯಾಚೆ ನೋಡಿದಳು. ಹೆಪ್ಪುಗಟ್ಟಿದ ನದಿಯ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ನಿಲ್ಲಿಸಿದ ಕಾರುಗಳ ಮೂತಿಯಿಂದೆಲ್ಲ, ಎಂಜಿನ್ ಹೆಪ್ಪುಗಟ್ಟದಿರಲೆಂದು ಕರೆಂಟಿಗೆ ಸಿಕ್ಕಿಸಿದ ತಂತಿ ನೇತಾಡುತ್ತಿತ್ತು, ಹಗ್ಗ ಬಿಗಿದು ಕೊಟ್ಟಿಗೆಗೆ ಕಟ್ಟಿದ ದನಗಳ ಹಾಗೆ. ಅಮ್ಮನಿಗೆ ಫೋನಿನಲ್ಲಿ ಈ ಕರ್ಲಿಂಗ್ ಆಟದ ಬಗ್ಗೆ ಹೇಳಿದ್ದು ನೆನಪಾಗಿ ನಗು ಬಂತು. ಮಂಜುಗಡ್ಡೆಯ ಮೇಲೆ ಒಬ್ಬರು ದೊಡ್ಡ ಕಲ್ಲು ಜಾರಿಸಿ ಬಿಡ್ತಾರಮ್ಮ, ಉಳಿದವರು ಅದರ ಮುಂದೆ ಮುಂದೆ ಓಡ್ತಾ ಗುಡಿಸ್ಬೇಕು, ಕಲ್ಲು ದೂರ ಹೋಗ್ಲಿ ಅಂತ. ಅಮ್ಮ, "ಪೊರಕೆ ಹಿಡಿಯೋಕೆ ಡಾಕ್ಟರೇಟ್ ಬೇಕಿತ್ತಾ? ಇಲ್ಲೇ ಹಿಡಿಬಹುದಿತ್ತಲ್ಲೇ" ಎಂದಿದ್ದಳು. ಹಿಂದೆ ಯಾರೋ ಕೆಮ್ಮಿದ ಸದ್ದು. ಅಜ್ಜಿಯೇ ಇರಬೇಕು. ಅಜ್ಜಿ ಅಲ್ಲಿದ್ದಾಳಾ ಎಂದು ಹಿರುತ್ ಕೇಳಲಿಲ್ಲ, ಅಮ್ಮ ಹೇಳಲಿಲ್ಲ. ಅಪ್ಪನ ಮನೆಯಲ್ಲಿ ಅಜ್ಜಿ ಇರುವುದೇ ಹಾಗೆ, ಕೆಮ್ಮಿನಷ್ಟು.

ಅಜ್ಜಿ ಜೆನೆಬು ಇಂಜೆರಾ ಎಂಬ ಅಗಲ ದೋಸೆ ಹುಯ್ಯುವ ಮಣ್ಣಿನ ಕಾವಲಿ ಮಾಡುವವಳು. ಮೂರು ಊರಿನ ಅಡುಗೆಮನೆಗಳಲ್ಲಿ ಅವಳ ಕಾವಲಿ ಇತ್ತು. ಆ ಅಡುಗೆಮನೆಗಳ ಒಳಗೆ ಅವಳಿಗೆ ಪ್ರವೇಶವಿರಲಿಲ್ಲ. ಕುಂಬಾರರ ಕಣ್ಣು ತಾಗುತ್ತದೆ ಅನ್ನುತ್ತಿದ್ದರು, ಹಣ ಕೊಡುವಾಗ ಕೈಗೆ ಕೊಡದೆ ನೆಲಕ್ಕಿಡುತ್ತಿದ್ದರು. ಹಿರುತ್‌ಗೆ ಆಗ ಆರು ವರ್ಷ. ಹೊಳೆಯ ದಂಡೆ ಅಗೆದು ಅಜ್ಜಿ ಒಂದು ಚಿಟಿಕೆ ಮಣ್ಣನ್ನು ಹಲ್ಲಿನ ನಡುವೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಇನ್ನೊಂದು ಚಿಟಿಕೆ ಮೊಮ್ಮಗಳ ಬಾಯಿಗೆ. "ನಾಲಿಗೇಲಿ ನೋಡ್ಬೇಡ ಕಂದಾ, ಹಲ್ಲಲ್ಲಿ ಕೇಳು. ಸದ್ದು ಮಾಡಿದ್ರೆ ಅದು ಬೆಂಕೀಲಿ ಒಡೆಯತ್ತೆ. ಸುಮ್ನಿದ್ರೆ ನಮ್ಮದು." ಅದು ಸುಮ್ಮನಿತ್ತು. ಆ ಮಧ್ಯಾಹ್ನ ಹಿರುತ್ ತುಟಿಯ ಮೇಲೆ ಒಣಗಿದ ಮಣ್ಣಿನ ಗೆರೆಯೊಂದಿಗೇ ಶಾಲೆಗೆ ಹೋದಳು, ಹೆಮ್ಮೆಯಿಂದ. ಮಣ್ಣು ತಿನ್ನೋಳ ಮೊಮ್ಮಗಳು ಎಂದು ಯಾರೋ ಕೂಗಿದರು. ಅಪ್ಪ ಕರಿಹಲಗೆಯಿಂದ ತಿರುಗಿದ. ಬೈಯಲಿಲ್ಲ, ಹೊಡೆಯಲಿಲ್ಲ. ಎಲ್ಲರೆದುರು, ಬೇರೆ ಯಾರದೋ ಮಗುವಿಗೆ ಹೇಳುವ ಹಾಗೆ ಹೇಳಿದ: ಹೊರಗೆ ಹೋಗಿ ಬಾಯಿ ತೊಳ್ಕೊಂಡು ಬಾ.

ಫೋರ್ಕು ಕೈಯಲ್ಲೇ ನಿಂತಿತು. ಅದೇ ಮಾತು. ಬೇರೆ ಭಾಷೆಯಲ್ಲಿ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಇಪ್ಪತ್ತೈದು ವರ್ಷದ ಮೇಲೆ, ಒಂದು ಪದವೂ ಹೆಚ್ಚುಕಡಿಮೆಯಿಲ್ಲದೆ ಅದೇ ಮಾತು. ಇವರು ತನ್ನನ್ನು ಡಾಕ್ಟರ್ ದೆಮಿಸ್ಸೆ ಎಂದು ಕರೆಯುವುದರಲ್ಲಿ ತಪ್ಪೇನಿದೆ, ಅಂದುಕೊಂಡಳು. ಮಸಾಲೆ ಗಂಟಲಿಗೆ ಹತ್ತಿ ಕೆಮ್ಮು ಬಂತು, ಅಜ್ಜಿಯದೇ ಕೆಮ್ಮು.

ನಾಲ್ಕೂವರೆಗೆ ಕರ್ಲಿಂಗ್ ಮನೆಯಲ್ಲಿ ಮಂಜುಗಡ್ಡೆಯ ಉದ್ದನೆಯ ಓಣಿಗಳು ದೀಪದಡಿ ಹೊಳೆಯುತ್ತಿದ್ದವು. ಹಿರುತ್ ಒಳಗೆ ಬಂದವಳು ಎದುರು ತಂಡವನ್ನು ನೋಡಿ ಅಲ್ಲೇ ನಿಂತುಬಿಟ್ಟಳು. ಕೃಷಿ ವಿದ್ಯಾರ್ಥಿಗಳ ತಂಡ. ಓಣಿಯ ಆ ತುದಿಯಲ್ಲಿ ಪೊರಕೆಯೂರಿ ನಿಂತ ನಾಯಕಿ ಟೆಸ್ಸಾ ಬಿಲಿಕ್. ಕೈಗವಸು ಕಳಚಿ ಬಂದ ಟೆಸ್ಸಾ ಎಲ್ಲರ ಕೈ ಕುಲುಕಿದಂತೆ ಅವಳದನ್ನೂ ಕುಲುಕಿದಳು. "ಚೆನ್ನಾಗಿ ಆಡಿ" ಎಂದಳು. ಆಟಕ್ಕೆ ಮುಂಚೆ ಎಲ್ಲರೂ ಎಲ್ಲರಿಗೂ ಹೇಳುವ ಮಾತದು, ಆದರೂ ಹಿರುತ್ ಅದರೊಳಗೆ ಏನಾದರೂ ಇದೆಯೇ ಎಂದು ಹುಡುಕಿದಳು. ಇರಲಿಲ್ಲ. ಆ ಕೈ ಬೆಚ್ಚಗಿತ್ತು.

"ಎಲ್ಲಿದ್ದಾನೆ ಅಂಪೈರ್?" ಎಂದು ಹಿರುತ್ ಮೊದಲ ವಾರ ಡೋರೀನ್‌ಳನ್ನು ಕೇಳಿದ್ದಳು. ಡೋರೀನ್ ಅವಳನ್ನೇ ನೋಡಿ, "ಅಂಪೈರ್ ಯಾಕೆ? ನಾವೇ ಇದ್ದೀವಲ್ಲ" ಎಂದಿದ್ದಳು. ಓಡುವ ಕಲ್ಲಿಗೆ ನಿನ್ನ ಪೊರಕೆ ತಾಗಿದರೆ ನೀನೇ ಹೇಳಬೇಕು. ಎದುರಿನವರು ಹೇಳುವುದಿಲ್ಲ, ಅವರು ನೋಡಿದ್ದರೂ ಹೇಳುವುದಿಲ್ಲ. ಕಲ್ಲನ್ನು ಏನು ಮಾಡಬೇಕೆಂದು ಆಮೇಲೆ ಎದುರು ತಂಡದ ನಾಯಕರು ತೀರ್ಮಾನಿಸುತ್ತಾರೆ. ಹೇಳದೇ ಇದ್ದರೆ ಏನಾಗುತ್ತದೆ ಎಂದು ಹಿರುತ್ ಕೇಳಿದ್ದಳು. ಡೋರೀನ್‌ಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹೇಳದೇ ಇರೋದು ಅಂದ್ರೆ?" ಎಂದಿದ್ದಳು.

ಆಟ ಶುರುವಾದ ಮೇಲೆ ಹಿರುತ್ ಎಲ್ಲ ಮರೆತಳು. ಇದೊಂದು ವಿಚಿತ್ರ, ಅವಳು ಯಾರಿಗೂ ಹೇಳಿರಲಿಲ್ಲ: ಈ ಊರಿನಲ್ಲಿ ಅವಳು ಅವಳಾಗಿರುತ್ತಿದ್ದುದು ಈ ಎರಡು ಗಂಟೆಯಲ್ಲಿ ಮಾತ್ರ. ಕಲ್ಲು ಗುಡುಗುಡು ಎನ್ನುತ್ತ ಬರುತ್ತಿತ್ತು, ಇಪ್ಪತ್ತು ಕಿಲೋದ ಕರಿಗಲ್ಲು ಬೆಕ್ಕಿನಷ್ಟು ಮೆತ್ತಗೆ, ಅದರ ಮೂಗಿನ ಮುಂದೆ ಅವಳೂ, ಪ್ರಯೋಗಶಾಲೆಯ ವರ್ನ್ ಎಂಬ ಮಾತೇ ಆಡದ ಮುದುಕನೂ ಬಗ್ಗಿ ತಿಕ್ಕುತ್ತ ಓಡುತ್ತಿದ್ದರು, ದೂರದಿಂದ ಲಾಯ್ಡ್ ಹೊಲದಲ್ಲಿ ಎತ್ತು ಹೊಡೆಯುವವನಂತೆ ಕೂಗುತ್ತಿದ್ದ, "ಉಜ್ಜಿ! ಉಜ್ಜಿ! ಬಿಡಬೇಡಿ! ಹಿರುತ್, ಜೋರಾಗಿ!" ಮಂಜಿನ ಮೇಲೆ ಅವನು ದೆಮಿಸ್ಸೆ ಅನ್ನುತ್ತಿರಲಿಲ್ಲ, ಅಷ್ಟು ಉದ್ದಕ್ಕೆ ಉಸಿರು ಸಾಲುತ್ತಿರಲಿಲ್ಲ. ಅವಳ ತೋಳು ಉರಿಯಿತು, ಬೆನ್ನಲ್ಲಿ ಬೆವರಿಳಿಯಿತು, ಒಮ್ಮೆ ಜಾರಿ ಕುಂಡೆಯೂರಿ ಕೂತಳು. ಎರಡೂ ತಂಡದವರು ಚಪ್ಪಾಳೆ ತಟ್ಟಿದರು. "ಆರು ಅಂಕ! ಬಿದ್ದ ರೀತಿಗೆ!" ಎಂದು ಟೆಸ್ಸಾ ಆ ತುದಿಯಿಂದ ಕೂಗಿದಳು. ಹಿರುತ್ ನಕ್ಕಳು, ಆಮೇಲೆ ಕೂಗಿದ್ದು ಯಾರೆಂದು ಹೊಳೆದು ನಗು ಅರ್ಧಕ್ಕೆ ನಿಂತಿತು.

ಕೊನೆಯ ಸುತ್ತಿನ ಕೊನೆಯ ಕಲ್ಲು. ಲಾಯ್ಡ್ ಮಂಡಿಯೂರಿ ಜಾರಿ ಬಂದು ಕೈಬಿಟ್ಟ. ಬಣ್ಣದ ವರ್ತುಲಗಳ ನಡುವಿನ ಚುಕ್ಕೆಯ ಮೇಲೆ ಅದು ನಿಂತರೆ ಇವರ ಗೆಲುವು. ಕಲ್ಲು ಸುಸ್ತಾಗುತ್ತಿತ್ತು. ಹಿರುತ್ ಹಲ್ಲು ಕಚ್ಚಿ ತಿಕ್ಕಿದಳು, ವರ್ತುಲದ ಅಂಚು ದಾಟಿತು, ಇನ್ನು ಒಂದು ಮಾರು, ಆಗ ಪೊರಕೆಯ ತುದಿಗೆ ಕಲ್ಲಿನ ಮೈ ತಾಗಿತು. ತಾಗಿತೋ ಇಲ್ಲವೋ ಅನ್ನುವಷ್ಟು. ಮಲಗಿದ ಮಗುವಿನ ಹಣೆಯ ಕೂದಲು ಸರಿಸುವಾಗ ಬೆರಳು ತಾಗುವಷ್ಟು. ವರ್ನ್ ಆ ಕಡೆಗಿದ್ದ, ನೋಡಲಿಲ್ಲ. ಕಲ್ಲು ಹೋಗಿ ಚುಕ್ಕೆಯ ಮೇಲೆ ನಿಂತಿತು. ಡೋರೀನ್ ಪೊರಕೆ ಮೇಲೆತ್ತಿ ಕಿರುಚಿದಳು, ಮಾತಾಡದ ವರ್ನ್ "ಆಹಾ" ಎಂದ, ಲಾಯ್ಡ್ ಆ ತುದಿಯಿಂದ ಎರಡೂ ತೋಳು ಚಾಚಿಕೊಂಡು ಜಾರುತ್ತ ಬಂದ. ಹಿರುತ್ ಸುತ್ತ ನೋಡಿದಳು. ಯಾರ ಮುಖದಲ್ಲೂ ಸಂಶಯವಿರಲಿಲ್ಲ. ಅದೇ ಕಷ್ಟ. ಯಾರಾದರೂ ಸಂಶಯಪಟ್ಟಿದ್ದರೆ ಇಲ್ಲ ಎಂದುಬಿಡುತ್ತಿದ್ದಳು, ಅದು ಅವಳಿಗೆ ರೂಢಿಯಿತ್ತು. ಮೂವತ್ತೊಂದು ವರ್ಷ ಮನೆಯಲ್ಲಿ, ಶಾಲೆಯಲ್ಲಿ, ಅರ್ಜಿಯ ಕಾಗದಗಳಲ್ಲಿ ಅದನ್ನೇ ಕಲಿತಿದ್ದಳು. ಕೆಲಸದ ಅರ್ಜಿಯಲ್ಲಿ ತಾನು ರೈತರ ನಡುವೆ ಬೆಳೆದವಳು ಎಂದು ಬರೆದಿದ್ದಳು, ಸುಳ್ಳಲ್ಲ; ಅಜ್ಜಿಯ ಕಸುಬು ಬರೆದಿರಲಿಲ್ಲ. ಯಾರೂ ಕೇಳದಿದ್ದಾಗ ಏನು ಮಾಡಬೇಕೆಂದು ಮಾತ್ರ ಯಾರೂ ಕಲಿಸಿರಲಿಲ್ಲ. ಅವಳ ಕೈ ತಾನೇ ಮೇಲೆದ್ದಿತು, ಶಾಲೆಯ ಮಗುವಿನಂತೆ.

"ನಂದು ತಾಗಿತು" ಎಂದಳು. ಯಾರಿಗೂ ಕೇಳಿಸಲಿಲ್ಲ. ಮತ್ತೆ, ಜೋರಾಗಿ, "ನನ್ನ ಪೊರಕೆ ಕಲ್ಲಿಗೆ ತಾಗಿತು!"

ಗದ್ದಲ ನಿಂತಿತು. ಈಗ ಆಕಾಶ ಬೀಳುತ್ತದೆ ಎಂದುಕೊಂಡಳು. ಡೋರೀನ್, "ಅಯ್ಯೋ ಹೌದಾ?" ಎಂದಳು, ಹಾಲು ಉಕ್ಕಿಹೋಯಿತು ಅಂದಾಗ ಅನ್ನುವ ಹಾಗೆ. ಲಾಯ್ಡ್ ಚಾಚಿದ್ದ ತೋಳುಗಳನ್ನು ಇಳಿಸಿ ಟೆಸ್ಸಾಳ ಕಡೆ ತಿರುಗಿದ. "ನಿನ್ನ ಕಲ್ಲು ಕಣಮ್ಮಾ ನಾಯಕಿ, ಏನು ಮಾಡ್ತೀಯೋ ನೋಡು."

ಟೆಸ್ಸಾ ವರ್ತುಲದ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ನೋಡಿದಳು. ಬಿಟ್ಟುಬಿಡುತ್ತಾಳೆ, ಕರುಣೆ ತೋರಿಸುತ್ತಾಳೆ ಎಂದು ಹಿರುತ್‌ಗೆ ಅನ್ನಿಸಿತು, ಹಾಗೆ ಮಾಡದಿರಲಿ ಎಂದೂ ಅನ್ನಿಸಿತು. ಟೆಸ್ಸಾ ಕಾಲಿನಿಂದ ಕಲ್ಲನ್ನು ಮೆಲ್ಲಗೆ ಪಕ್ಕಕ್ಕೆ ನೂಕಿದಳು. "ತೆಗೆದೆ. ನಾವು ಗೆದ್ವಿ" ಎಂದಳು. ಅಷ್ಟೇ. ಮತ್ತೆ ಎಲ್ಲರೂ ಎಲ್ಲರ ಕೈ ಕುಲುಕಿದರು, ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿದರು, ಲಾಯ್ಡ್ ಅವಳ ಬೆನ್ನು ತಟ್ಟಿ "ಚೆನ್ನಾಗಿ ಉಜ್ಜಿದೆ ಇವತ್ತು" ಎಂದು ಬೂಟು ಬಿಚ್ಚಲು ಹೋದ. ಹಿರುತ್ ಅಲ್ಲೇ ನಿಂತಿದ್ದಳು. ಇಷ್ಟೇನಾ? ತಪ್ಪು ಒಪ್ಪಿಕೊಂಡರೆ ಆಗುವುದು ಇಷ್ಟೇನಾ, ಒಂದು ಕಲ್ಲು ಪಕ್ಕಕ್ಕೆ ಹೋಗುವುದು? ಅಪ್ಪಾ, ಆ ನದಿಯನ್ನು ಅದರ ಜಿಲ್ಲೆಗೆ ವಾಪಸು ಕೊಟ್ಟುಬಿಡಬಹುದಿತ್ತಲ್ಲ. ಅಳು ಬಂತೆಂದು ಹೆದರಿದಳು, ಬಂದದ್ದು ನಗು.

ಗೆದ್ದವರು ಸೋತವರಿಗೆ ಕುಡಿಯಲು ಕೊಡಿಸುವುದು ಇಲ್ಲಿನ ಪದ್ಧತಿ. ಮೇಲಿನ ಕೋಣೆಯ ದುಂಡು ಮೇಜಿಗೆ ಟೆಸ್ಸಾ ತಟ್ಟೆ ಹಿಡಿದು ಬಂದಳು, ಉಳಿದವರಿಗೆ ಬಿಯರು, ಹಿರುತ್‌ಗೆ ಬಿಸಿ ಚಾಕೊಲೇಟು. "ನಿಮಗೆ ಚಳಿ ಅಂತ ಡೋರೀನ್ ಆಂಟಿ ಅಂದ್ರು" ಎಂದು ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

"ಟೆಸ್ಸಾ" ಎಂದಳು ಹಿರುತ್. ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. "ನಾಲ್ಕನೇ ಜಾಡೀದೂ ನಂದೇ ತಪ್ಪು. ಅದು ಜೇಡಿಯೇ. ಚೀಟಿ ನಾನೇ ಅದಲುಬದಲು ಮಾಡಿದ್ದೆ."

"ಗೊತ್ತು" ಎಂದಳು ಟೆಸ್ಸಾ.

"ಗೊತ್ತಾ?"

"ಅಲ್ಲ, ಅದು ನಮ್ಮ ಹೊಲದ ಗಂಬೋ ಮಣ್ಣು, ಡಾಕ್ಟರ್ ದೆಮಿಸ್ಸೆ! ಮಳೆ ಬಂದ್ರೆ ಬೂಟು ಕಾಲಿಂದ ಕಿತ್ಕೊಂಡು ಹೋಗತ್ತಲ್ಲ, ಅದು. ಹುಟ್ಟಿದಾಗಿಂದ ತಿಂದಿದ್ದೀನಿ. ನಮ್ಮಪ್ಪಂಗೆ ಫೋನ್ ಮಾಡಿ ಹೇಳ್ದೆ, ಟೀಚರು ಹೂಳು ಅಂದ್ರು ಅಂತ. ನಕ್ಕೂ ನಕ್ಕೂ ಟ್ರ್ಯಾಕ್ಟರ್ ನಿಲ್ಲಿಸಿದಾನೆ." ಆಮೇಲೆ ಗ್ಲಾಸಿನ ನೊರೆಯನ್ನು ನೋಡುತ್ತ, ಸ್ವಲ್ಪ ತಗ್ಗಿದ ದನಿಯಲ್ಲಿ, "ತಪ್ಪು ಅಂದಿದ್ದಕ್ಕೆ ನಂಗೇನೂ ಅನ್ನಿಸ್ಲಿಲ್ಲ. ಬಾಯಿ ತೊಳ್ಕೊಂಡು ಬಾ ಅಂದ್ರಲ್ಲ, ಅದು... ಅದಕ್ಕೆ ಒಂಥರಾ ಆಯ್ತು. ನಾನೇನೋ ಹೊಲಸು ಮಾಡ್ದಂಗೆ."

ಹಿರುತ್ ಮೇಜನ್ನು ನೋಡಿದಳು. ಲಾಯ್ಡ್ ಕಡಲೆಬೀಜದ ಬಟ್ಟಲಿಗೆ ಕೈ ಹಾಕಿದ್ದ, ವರ್ನ್ ಕನ್ನಡಕ ಒರೆಸುತ್ತಿದ್ದ. ನಾಲಿಗೆ ಆ ಪದವನ್ನು ಹುಡುಕಿತು; ಈ ಭಾಷೆಯಲ್ಲಿ ಅದನ್ನು ಒಮ್ಮೆಯೂ ಆಡಿರಲಿಲ್ಲ.

"ನಮ್ಮಜ್ಜಿ ಕುಂಬಾರಗಿತ್ತಿ" ಎಂದಳು. "ಅವಳೂ ಮಣ್ಣನ್ನ ಹಲ್ಲಲ್ಲೇ ನೋಡೋದು. ನಂಗೂ ಕಲಿಸಿದ್ಲು. ಅವತ್ತು ನಮ್ಮಪ್ಪ ನಂಗೆ ಹೇಳಿದ್ದನ್ನೇ ನಾನು ನಿಂಗೆ ಹೇಳ್ದೆ. ತಪ್ಪಾಯ್ತು."

ಹೇಳಿ ಮುಗಿಸಿ ಮುಖಗಳನ್ನು ಕಾಯುತ್ತ ಕೂತಳು, ಕುರ್ಚಿಗಳು ಹಿಂದೆ ಸರಿಯುತ್ತವೆ ಎಂಬಂತೆ. ಸರಿದದ್ದು ಡೋರೀನ್‌ಳ ಕುರ್ಚಿ, ಮುಂದಕ್ಕೆ. "ಕುಂಬಾರಗಿತ್ತಿಯಾ? ಏನೇನು ಮಾಡ್ತಾರೆ? ಇನ್ನೂ ಇದ್ದಾರಾ? ಆರು ತಿಂಗಳಿಂದ ಇಲ್ಲಿದ್ದೀಯ, ಒಂದು ಮಾತು ಹೇಳಿಲ್ವಲ್ಲೇ! ನಾನು ಎರಡು ವರ್ಷ ಕುಂಬಾರಿಕೆ ಕ್ಲಾಸಿಗೆ ಹೋಗಿ ಒಂದು ಸೊಟ್ಟ ಬೂದಿಬಟ್ಟಲು ಮಾಡಿದೀನಿ."

"ಕಾವಲಿ" ಎಂದಳು ಹಿರುತ್. ತೋಳು ಚಾಚಿ ಅಗಲ ತೋರಿಸಿದಳು, ಚಾಕೊಲೇಟು ಚೆಲ್ಲಿತು. "ಇಷ್ಟು ದೊಡ್ಡದು. ಒಂದೂ ಒಡೆಯಲ್ಲ. ಮೂರು ಊರಲ್ಲಿ ಅವಳದೇ." ತನ್ನ ದನಿಯಲ್ಲಿದ್ದ ಜಂಬ ಅವಳಿಗೇ ಕೇಳಿಸಿತು. "ಸದ್ದು ಮಾಡಿದ್ರೆ ಒಡೆಯತ್ತೆ ಅಂತಾಳೆ, ಸುಮ್ನಿದ್ರೆ ನಮ್ಮದು."

"ಹಾಂ, ಸರಿಯಾಗಿ ಹೇಳಿದಾರೆ" ಎಂದ ವರ್ನ್. ಆ ದಿನದ ಅವನ ಎರಡನೆಯ ಮಾತು ಅದು.

ಗುರುವಾರ ಬೆಳಗ್ಗೆ ಹೊರಡುವ ಮುಂಚೆ ಹಿರುತ್ ಮನೆಗೆ ಫೋನ್ ಮಾಡಿದಳು. ಅಲ್ಲಿ ಸಂಜೆ. ಅಪ್ಪ ಎತ್ತಿಕೊಂಡ. "ಅಜ್ಜಿಗೆ ಕೊಡಪ್ಪ" ಎಂದಳು. ಅವನು ಫೋನು ಇಟ್ಟುಬಿಟ್ಟನೇನೋ ಅನ್ನುವಷ್ಟರಲ್ಲಿ ಚಪ್ಪಲಿ ಎಳೆಯುತ್ತ ನಡೆದ ಸದ್ದು, ಆಮೇಲೆ ಆ ಕೆಮ್ಮು, ಹತ್ತಿರದಲ್ಲಿ, ಕಿವಿಯೊಳಗೇ. "ಯಾರು, ಕಂದನಾ?" ಎಂದಳು ಅಜ್ಜಿ. "ಅಲ್ಲಿ ಮಣ್ಣು ಹೇಗಿದೆ?"

ತರಗತಿಯಲ್ಲಿ ಲಾಯ್ಡ್ ಹಿಂದಿನ ಬೆಂಚಿನಲ್ಲಿ ಫಾರಂ ಹರಡಿಕೊಂಡು ಕೂತಿದ್ದ. ಹಿರುತ್‌ಗೆ ಹೆದರಿಕೆಯಾಗಲಿಲ್ಲ ಎಂದಲ್ಲ. ಎರಡು ದಿನದ ಕೊಳವೆಯನ್ನು ಮೇಜಿನ ಮೇಲಿಟ್ಟಳು, ಕದಡಿದ ನೀರು ಎಲ್ಲರಿಗೂ ಕಾಣುವ ಹಾಗೆ. "ಮಂಗಳವಾರ ನಾನು ತಪ್ಪು ಹೇಳ್ದೆ. ಕಾಗದ ನೋಡ್ದೆ, ಮಣ್ಣು ಮುಟ್ಟಲಿಲ್ಲ. ಟೆಸ್ಸಾ ಹೇಳಿದ್ದು ಸರಿ, ಅವಳು ನೋಡಿದ ರೀತೀನೂ ಸರಿ" ಎಂದಳು. "ಇವು ಕ್ರಿಮಿ ಸಾಯೋ ಹಾಗೆ ಕಾಯಿಸಿ ಸೋಸಿದ ಮಣ್ಣು, ಹೆದರಬೇಡಿ. ಇಷ್ಟ ಇದ್ದವರು ಬನ್ನಿ." ನಾಲ್ಕನೆಯ ಜಾಡಿಯ ಮುಚ್ಚಳ ತೆಗೆದು ಒಂದು ಚಿಟಿಕೆ ಎತ್ತಿ, ಮುಂದಿನ ಹಲ್ಲುಗಳ ನಡುವೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಇಪ್ಪತ್ತೈದು ವರ್ಷ ಆಗಿತ್ತು. ಮಣ್ಣು ಸುಮ್ಮನಿತ್ತು.

ಕಣ್ಣು ತೆರೆದಾಗ ಮೇಜಿನ ಮುಂದೆ ಸಾಲು ನಿಂತಿತ್ತು. ಎಲ್ಲರಿಗಿಂತ ಹಿಂದೆ, ಫಾರಮ್ಮನ್ನು ಬೆಂಚಿನ ಮೇಲೇ ಬಿಟ್ಟು, ಎರಡು ಬೆರಳು ಮುಂದೆ ಚಾಚಿಕೊಂಡು ಲಾಯ್ಡ್. "ಹಲ್ಲಲ್ಲಿ ಕೇಳಿ" ಎಂದಳು ಹಿರುತ್. ಕೋಣೆ ನಿಶ್ಶಬ್ದವಾಯಿತು, ಅಷ್ಟು ಜನ ಬಾಯಿ ಮುಚ್ಚಿ, ಕಣ್ಣು ಮುಚ್ಚಿ ನಿಂತಿದ್ದರು. "ಏನು ಕೇಳಿಸ್ತು?"

"ಏನೂ ಇಲ್ಲ" ಎಂದರು ಯಾರೋ.

"ಅದೇ ಜೇಡಿ. ಈಗ ಏಳನೇ ಜಾಡಿ."

ಏಳನೆಯ ಜಾಡಿ ಕೈಯಿಂದ ಕೈಗೆ ಹೋಯಿತು, ಒಂದು ಮೂಲೆಯಿಂದ ಕರಕರ ಶುರುವಾಯಿತು, ಇನ್ನೊಂದು ಮೂಲೆ ಸೇರಿಕೊಂಡಿತು, ಲಾಯ್ಡ್ ದವಡೆ ಹಿಡಿದುಕೊಂಡು "ಅಯ್ಯಯ್ಯೋ, ನನ್ನ ಕಟ್ಟಿಸಿದ ಹಲ್ಲು!" ಎಂದು ಕೂಗಿದ, ಟೆಸ್ಸಾ ಬಿದ್ದು ಬಿದ್ದು ನಕ್ಕಳು. ಆಚೆ ಕೋಣೆಯವರು ಬಂದು ಬಾಗಿಲಲ್ಲಿ ಇಣುಕಿ ನೋಡುವಷ್ಟು ಗದ್ದಲವಾಯಿತು.

ಪಾಠ ಮುಗಿದ ಮೇಲೆ ಬಾಯಿ ತೊಳೆಯಲು ಹುಡುಗರು ನಲ್ಲಿಯ ಹತ್ತಿರ ನೂಕಾಡುತ್ತಿದ್ದರು. ಹಿರುತ್ ಅವರನ್ನು ದಾಟಿ, ತೊಳೆಯದ ಬಾಯಲ್ಲೇ, ಬಿಸಿಲಿಗೆ ಹೊಳೆಯುತ್ತಿದ್ದ ನದಿಯ ಕಡೆ ನಡೆದಳು.